ಬಿಲ್ಲಿನ ಗಾಲಿಯೂ ಬಾಲಿಕೆಯ ನಿಲುವೂ



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಪರೀಕ್ಷೆಗಳ ಫಲವನ್ನೋ ಕಟ್ಟಡದ ನಿಧಿಯನ್ನೋ ಕುರಿತು ಬರೆಯುವೆವೆಂದು ಅವರು ಎಣಿಸಿರಬಹುದು. ಅವೆರಡೂ ವಾರ್ಷಿಕ ವರದಿಯಲ್ಲಿ ಬಂದಿವೆ. ನಾವು ಇಲ್ಲಿ ಬರೆಯಬೇಕೆಂದಿರುವುದು ಬಿಲ್ಲಿನ ವಿಷಯ. ಕಳೆದ ಸಲದ ಪೋಷಕರ ಸಭೆಯಲ್ಲಿ ಒಬ್ಬ ತಂದೆಯವರು ಎದ್ದು ನಿಂತು, "ಹೆಣ್ಣುಮಕ್ಕಳ ಶಾಲೆಯಲ್ಲಿ ಬಿಲ್ಲುಬಾಣಗಳಿಗೇನು ಕೆಲಸ?" ಎಂದು ಕೇಳಿದರು. ಅಂದು ನಾವು ಕೊಟ್ಟ ಉತ್ತರವು ಬಹು ಚಿಕ್ಕದಾಯಿತು. ಪೂರ್ಣವಾದ ಉತ್ತರದಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಸೇರಿರುವುದರಿಂದ ಸಭೆಯಲ್ಲಿ ಅದನ್ನು ಹೇಳಲು ಬಾಯಿ ಬರಲಿಲ್ಲ. ಆ ತಂದೆಯವರಿಗೆ ಸಲ್ಲಬೇಕಾದ ಉತ್ತರವನ್ನು ಇಲ್ಲಿ ಸಲ್ಲಿಸುತ್ತಿದ್ದೇವೆ.

ನೆರೆಯ ಕೊಡಗಿನಲ್ಲಿ ಹಿಂದಿನ ಕಾಲದಲ್ಲಿ ಗಂಡುಮಗು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯಿಂದ ಒಂದು ಪುಟ್ಟ ಬಿಲ್ಲನ್ನು ಮಾಡಿ ಅದರ ಕೈಗೆ ಮುಟ್ಟಿಸುವ ಪದ್ಧತಿಯಿತ್ತು. ಹೆಣ್ಣುಮಗುವಿಗೆ ಬಿಲ್ಲಿರಲಿಲ್ಲ. ಆದರೆ ನಮ್ಮ ಊರಿನಿಂದ ಸುಮಾರು 25 ಕಿಲೋಮೀಟರ್ ದೂರದ ಬೇಲೂರಿಗೆ ಹೋದರೆ ಬೇರೊಂದು ನೋಟವುಂಟು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಪ್ರವಾಸಕ್ಕೆ ಕರೆದೊಯ್ದ ನಮ್ಮ ಹುಡುಗಿಯರು ದರ್ಪಣಸುಂದರಿಯನ್ನು ನೋಡಿ ಮುಂದೆ ಸಾಗಿದರು. ಬೇಟೆಗಾರ್ತಿಯ ಕೆಳಗೆ ಕಾಲು ಕೀಳದೆ ನಿಂತರು. ಹಿಂದಿರುಗಿದ ವಾರದಲ್ಲಿಯೇ ತೋಟದ ಬಿದಿರಿನಿಂದ ಬಿಲ್ಲು ಮಾಡಿಸಿಕೊಡಿರೆಂಬ ಬೇಡಿಕೆ ಹುಟ್ಟಿತು. ಹೀಗೆ ನಮ್ಮ ಆಟದ ಬಯಲಿನ ಮೂಲೆಯಲ್ಲಿ, ಒಣಹುಲ್ಲಿನ ಕಂತೆಗಳ ಮುಂದೆ, ಶನಿವಾರದ ಬಿಲ್ವಿದ್ಯೆ ಆರಂಭವಾಯಿತು.

ಮೂರು ವರ್ಷ ಬಿದಿರಿನ ಬಿಲ್ಲಿನಲ್ಲಿಯೇ ಕಳೆಯಿತು. ಅನಂತರ ಮೂಡಿಗೆರೆಯ ಕಡೆಯ ತೋಟಕ್ಕೆ ಸೊಸೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ತಮ್ಮ ಮನೆಯಲ್ಲಿ ಉಪಯೋಗವಿಲ್ಲದೆ ತೂಗುಹಾಕಿದ್ದ ಒಂದು ಕಾಂಪೌಂಡ್ ಬಿಲ್ಲನ್ನು ಶಾಲೆಗೆ ಪ್ರೀತಿಯಿಂದ ಕಳುಹಿಸಿಕೊಟ್ಟರು. ಕಾಂಪೌಂಡೆಂದರೆ ಮಿಶನ್ನಿನಲ್ಲಿ ಬೆಳೆದ ನಮಗೆ ಗೋಡೆ, ಗೇಟು, ಒಳಗಣ ಬೇವಿನ ಮರ, ಇಷ್ಟೇ ತಿಳಿದದ್ದು. ನಮ್ಮ ಆಯಾ ಅಂತೂ ಅದು ಕಾಂಪೌಂಡಿನೊಳಗೆ ಮಾತ್ರ ಬಿಡತಕ್ಕ ಬಿಲ್ಲೆಂದೇ ನಂಬಿದಳು. ಕಣ್ಣಿಗೆ ಅದು ಬಿಲ್ಲಿಗಿಂತ ಯಂತ್ರವೆಂದೇ ತೋರುತ್ತಿತ್ತು. ಮೇಲೂ ಕೆಳಗೂ ಬಾಗುವ ಪಟ್ಟಿಗಳು. ಅವುಗಳ ತುದಿಗಳಲ್ಲಿ ಎರಡು ಗಾಲಿಗಳು. ಒಂದು ಹೆದೆಯಿರಬೇಕಾದಲ್ಲಿ ಮೂರು ಹುರಿಗಳು.

ಈ ಬಿಲ್ಲಿನ ಮರ್ಮವೆಲ್ಲ ಆ ಗಾಲಿಗಳಲ್ಲಿದೆಯಾದುದರಿಂದ ಅದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಅಮೇರಿಕಾ ದೇಶದ ಮಿಸೌರಿ ಪ್ರಾಂತ್ಯದ ಹಾಲೆಸ್ ವಿಲ್ಬರ್ ಆಲೆನ್ ಎಂಬವರು 1966ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಅದನ್ನು ಪಡೆದರು. ಬಾವಿಯ ರಾಟೆಗೆ ಅಚ್ಚಿನ ತೂತು ನಟ್ಟನಡುವೆ ಇರುತ್ತದೆಯಷ್ಟೆ. ಆಲೆನ್ನರು ತಮ್ಮ ಬಿಲ್ಲಿನ ಗಾಲಿಗೆ ತೂತನ್ನು ನಡುವಿನಿಂದ ಸರಿಸಿ ಓರೆಯಲ್ಲಿಟ್ಟರು. ಇಂಥ ಗಾಲಿಯನ್ನೇ ಕ್ಯಾಮ್ ಎನ್ನುತ್ತಾರೆ. ಇದರಿಂದಾಗುವ ಗುಣವನ್ನು ತರಗತಿಯ ಬಾಗಿಲಿನಲ್ಲಿಯೇ ಕಾಣಬಹುದು. ಬಾಗಿಲನ್ನು ತಿರುಗಣಿಯ ಹತ್ತಿರ ನೂಕಿದರೆ ಭಾರ. ಅದರಿಂದ ದೂರ, ಚಿಲಕದ ಬಳಿ ನೂಕಿದರೆ ಹಗುರ. ಹೆದೆಯನ್ನು ಸೆಳೆದಂತೆ ಗಾಲಿಯು ತಿರುಗುತ್ತದೆ. ಮೊದಲು ಹೆದೆಯು ಗಾಲಿಯ ಅಚ್ಚಿಗೆ ಹತ್ತಿರವಿರುವುದರಿಂದ ಕೈಗೆ ಪೂರ್ಣ ಭಾರ ತಗಲುತ್ತದೆ. ಕಡೆಗೆ ಹೆದೆಯು ಅಚ್ಚಿನಿಂದ ದೂರವಾಗಿ, ಪಟ್ಟಿಗಳನ್ನು ಬಾಗಿಸಿ ಹಿಡಿದಿರುವ ಹುರಿಯು ಅಚ್ಚಿಗೆ ಹತ್ತಿರ ಬರುತ್ತದೆ. ಪಟ್ಟಿಗಳು ಆಗಲೇ ಅತ್ಯಂತ ಬಿಗಿಯಾಗಿ ಬಾಗಿದ್ದರೂ ಕೈಗೆ ಮಾತ್ರ ಭಾರ ಇಳಿದುಹೋಗುತ್ತದೆ. ಇಂದಿನ ಬಿಲ್ಲುಗಳಲ್ಲಿ ನೂರಕ್ಕೆ 65ರಿಂದ 85 ಪಾಲು ಹೀಗೆ ಇಳಿಯುವುದುಂಟು. 40 ಪೌಂಡಿನ ಬಿಲ್ಲಿನಲ್ಲಿ ನೂರಕ್ಕೆ 80 ಪಾಲು ಇಳಿದರೆ, ಗುರಿ ನೋಡುತ್ತ ನಿಲ್ಲುವಾಗ ಕೈಯಲ್ಲಿ ಉಳಿಯುವುದು 8 ಪೌಂಡು ಮಾತ್ರ.

ಹೀಗೆ ಭಾರ ಇಳಿದ ತಾಣಕ್ಕೆ ಬಿಲ್ಲುಗಾರರು ಕಣಿವೆಯೆನ್ನುತ್ತಾರೆ. ಕಣಿವೆಯ ಕೊನೆಯಲ್ಲಿ ಹೆದೆಯು ಇನ್ನು ಹಿಂದಕ್ಕೆ ಬಾರದೆಂದು ನಿಂತುಬಿಡುತ್ತದೆ. ಅದಕ್ಕೆ ಗೋಡೆಯೆಂದು ಹೆಸರು. ಗೋಡೆ ಎಲ್ಲಿ ಬರಬೇಕೆಂಬುದನ್ನು ಗೊತ್ತುಮಾಡುವುದು ಗಾಲಿ. ಇಲ್ಲಿಯೇ ನಮ್ಮ ಅಜ್ಞಾನವಿದ್ದದ್ದು. ಬಿದಿರಿನ ಬಿಲ್ಲಿಗೆ ಗೋಡೆಯಿಲ್ಲ. ಹುಡುಗಿಯ ತೋಳು ಎಷ್ಟು ಉದ್ದವೋ ಅಷ್ಟು ಸೆಳೆದು ಗದ್ದದ ಬಳಿ ನಿಲ್ಲಿಸುತ್ತಾಳೆ. ಬಿಲ್ಲು ಅವಳ ಮೈಗೆ ಹೊಂದಿಕೊಳ್ಳುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಗೋಡೆ ಮೊದಲೇ ಕಟ್ಟಿಯಾಗಿದೆ. ಅಲ್ಲಿಗೆ ಹುಡುಗಿಯೇ ತನ್ನ ಮೈಯನ್ನು ಹೊಂದಿಸಿಕೊಳ್ಳಬೇಕು, ಇಲ್ಲವೆ ಯಾರಾದರೂ ಗೋಡೆಯನ್ನು ಅವಳಿದ್ದಲ್ಲಿಗೆ ತರಬೇಕು.

ಆಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕಳಸದ ದಾರಿಯ ಒಂದು ತೋಟದ ಲೈನಿನವಳು. ನಮ್ಮ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಳು. ಗಿಡ್ಡ ಮೈಕಟ್ಟು. ರಜೆಯಲ್ಲಿ ಊರಿಗೆ ಹೋದಾಗ ತಾಯಿಯೊಡನೆ ಹಣ್ಣು ಕುಯ್ದು ಬೆನ್ನು ಗಟ್ಟಿಯಾಗಿತ್ತು. ಬಿದಿರಿನ ಬಿಲ್ಲಿನಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿ ಯಾರೂ ಇರಲಿಲ್ಲ. ಆದುದರಿಂದ ಹೊಸ ಬಿಲ್ಲನ್ನು ಮೊದಲು ಅವಳ ಕೈಗೇ ಕೊಟ್ಟೆವು.

ಕೊಟ್ಟ ದಿನದಿಂದಲೇ ಅವಳ ನಿಲುವು ಕೆಟ್ಟಿತು. ಸೆಳೆಯುವಾಗ ಬಿಲ್ಲನ್ನು ಆಕಾಶಕ್ಕೆತ್ತುವಳು. ತುಂಬಿದ ಕೊಡವನ್ನು ಹೊತ್ತವರಂತೆ ಸೊಂಟದಿಂದ ಹಿಂದಕ್ಕೆ ವಾಲುವಳು. ಮುಂದಿನ ಹೆಗಲು ಕಿವಿಯವರೆಗೆ ಏರುವುದು. ಹೆದೆ ಹಿಡಿದ ಕೈ ದವಡೆಯನ್ನು ದಾಟಿ ಕಿವಿಯ ಹಿಂದಕ್ಕೆ ಹೋಗುವುದು. ಹೆದೆಯ ಮೇಲಣ ಕಿಂಡಿಯಲ್ಲಿ ನೋಡಲು ಕತ್ತನ್ನು ಹಿಂದಕ್ಕೆ ಚಾಚುವಳು. ಬಿಲ್ಲು ಹಿಡಿದ ತೋಳನ್ನು ಮೊಣಕೈ ತಿರುಚುವಷ್ಟು ಚಾಚಿ ನಿಲ್ಲುವುದರಿಂದ ಬಾಣ ಬಿಟ್ಟಾಗಲೆಲ್ಲ ಹೆದೆಯು ಮುಂಗೈಗೆ ಬಡಿದು ನೀಲಿಗಟ್ಟುತ್ತಿತ್ತು. ಎಷ್ಟೋ ಸಲ ಗುರಿ ನೋಡುತ್ತಿರುವಾಗಲೇ ಬಿಲ್ಲು ಅವಳ ಕೈಯನ್ನು ತಟ್ಟನೆ ಮುಂದಕ್ಕೆ ಎಳೆದೊಯ್ಯುತ್ತಿತ್ತು. ಹಿಂದೆ ಹುಲ್ಲಿನ ಕಂತೆಯ ನಡುವಿಗೆ ನಾಟುತ್ತಿದ್ದ ಬಾಣಗಳು ಈಗ ಹಿಂದಣ ಮಣ್ಣಿನ ದಿಬ್ಬಕ್ಕೆ ಹೋದವು.

ನಾವು ತರಬೇತಿ ಪಡೆದ ಉಪಾಧ್ಯಾಯಿನಿಯರು. ತಪ್ಪನ್ನು ಕಂಡೊಡನೆ ತಿದ್ದುವುದು ನಮ್ಮ ಅಭ್ಯಾಸ. "ನೆಟ್ಟಗೆ ನಿಲ್ಲು" ಎಂದೆವು, "ಹೆಗಲು ಇಳಿಸು" ಎಂದೆವು, "ಮನಸ್ಸಿಟ್ಟು ಮಾಡಮ್ಮಾ, ಬಿಲ್ಲು ಹಿಡಿದಾಗಲೂ ಊರಿನ ಕನಸೇ?" ಎಂದೂ ಎಲ್ಲರ ಮುಂದೆ ಕೇಳಿದೆವು. ಅವಳು ಒಮ್ಮೆ ಮಾತ್ರ, "ಕೈ ಮುಟ್ಟೋದಿಲ್ಲ ಟೀಚರ್" ಎಂದಳು. ಅದನ್ನು ನಾವು ನೆಪವೆಂದು ತಿಳಿದೆವು. ಅರ್ಧ ವರ್ಷದ ಪ್ರಗತಿ ಪತ್ರದಲ್ಲಿ ನಮ್ಮ ಕೈಯಿಂದಲೇ, "ಶಕ್ತಿಯುಂಟು, ಸ್ಥಿರತೆಯಿಲ್ಲ, ಏಕಾಗ್ರತೆ ಸಾಲದು" ಎಂದು ಬರೆದು ರುಜು ಹಾಕಿದೆವು.

ಮುಂದಿನ ಸಂತೆಯ ದಿನ ಅವಳ ತಾಯಿ ಬಂದರು. ಬಾಗಿಲಲ್ಲಿಯೇ ನಿಂತು, "ಟೀಚರಮ್ಮಾ, ಮಗಿನ ಕೈ ನೋಡಿದ್ರಾ? ಬಿಲ್ಲು ಬ್ಯಾಡಿ ಅವಳಿಗೆ. ನೀವು ಏನೋ ಬರ್ದಿದೀರಂತೆ, ನಂಗೆ ಓದಕ್ಕೆ ಬರಾಕಿಲ್ಲ. ಓದೂ ಬ್ಯಾಡ, ನಿನ್ನ ಸಂಗಡ ಕೆಲಸಕ್ಕೇ ಬತ್ತೀನಿ ಅಂತ ಕುಂತವಳೆ" ಎಂದರು. ಆ ತಾಯಿಯ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ಲೈನಿನಿಂದ ಪ್ರೌಢಶಾಲೆಯವರೆಗೆ ಬಂದ ಹುಡುಗಿಯೊಬ್ಬಳು ಹಿಂದಿರುಗಿ ಹೋದರೆ ಅವಳ ಹಿಂದೆ ಎಷ್ಟು ತಂಗಿಯರ ದಾರಿ ಮುಚ್ಚುವುದೆಂಬುದನ್ನು ಈ ಗುಡ್ಡಗಾಡಿನಲ್ಲಿ ಕೆಲಸ ಮಾಡಿದವರು ಬಲ್ಲರು. ಹದಿನೈದು ದಿನ ಕಾಯಬೇಕೆಂದು ಕೇಳಿಕೊಂಡೆವು. ಏತಕ್ಕೆ ಕಾಯಬೇಕೆಂಬುದು ನಮಗೇ ತಿಳಿದಿರಲಿಲ್ಲ.

ದೇವರ ದಯದಿಂದ ಆ ದಿನಗಳಲ್ಲಿಯೇ ಬೆಂಗಳೂರಿನಿಂದ ಒಬ್ಬ ತರುಣಿ, ಬಿಲ್ವಿದ್ಯೆಯ ತರಬೇತುಗಾರ್ತಿ, ತಮ್ಮ ಬಂಧುಗಳ ತೋಟಕ್ಕೆ ಬಂದಿದ್ದರು. ಕೇಳಿಕೊಂಡುದಕ್ಕೆ ಒಂದು ಶನಿವಾರ ಶಾಲೆಗೆ ಬಂದರು. ಹುಡುಗಿ ಎರಡು ಬಾಣ ಬಿಡುವುದನ್ನು ನೋಡಿ, ಅವಳಿಗೆ ಏನನ್ನೂ ಹೇಳದೆ ನಮ್ಮ ಕಡೆ ತಿರುಗಿ, "ಮೇಡಂ, ಈ ಬಿಲ್ಲು ಯಾರ ಅಳತೆಗೆ ಇದೆ?" ಎಂದು ಕೇಳಿದರು. ಬಿಲ್ಲಿಗೂ ರವಿಕೆಯಂತೆ ಅಳತೆಯುಂಟೆಂಬುದನ್ನು ನಾವು ಆಗಲೇ ಕೇಳಿದ್ದು.

ಹೊಲಿಗೆಯ ತರಗತಿಯಿಂದ ಟೇಪನ್ನು ತರಿಸಿದರು. ಹುಡುಗಿಯನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ಎರಡು ಕೈಗಳನ್ನೂ ಚಾಚಿಸಿದರು. ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ 60 ಅಂಗುಲ. ಅದನ್ನು ಎರಡೂವರೆಯಿಂದ ಭಾಗಿಸಿದರೆ 24. ಅವಳಿಗೆ ಸುಮಾರಾಗಿ ಹೊಂದುವ ಸೆಳೆತದ ಉದ್ದ ಅಷ್ಟು. ಬಿಲ್ಲಿನ ಗಾಲಿಯ ಮೇಲಿದ್ದ ಗುರುತು 27. ಮಗುವು ಕೈ ಮುಟ್ಟುವುದಿಲ್ಲವೆಂದು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಗೋಡೆಯು ಅವಳ ತೋಳಿಗಿಂತ ಮೂರು ಅಂಗುಲ ಹಿಂದಿತ್ತು. ವಾಲಿ, ಹೆಗಲೆತ್ತಿ, ಕತ್ತು ಚಾಚಿ ಅವಳು ಹೇಗೋ ಕಣಿವೆಯ ಅಂಚನ್ನು ತಲಪುತ್ತಿದ್ದಳು. ಅಂಚಿನಲ್ಲಿ ನಿಂತವಳು ಒಂದು ಉಸಿರು ಸಡಿಲಿಸಿದರೂ ಗಾಲಿಯು ಹಿಂದಿರುಗಿ ತಿರುಗಿ ಕೈಯನ್ನು ಎಳೆಯುತ್ತಿತ್ತು. ನಾವು ಏಕಾಗ್ರತೆಯ ಕೊರತೆಯೆಂದು ಬರೆದದ್ದು ಇದನ್ನೇ.

ಆ ಬಿಲ್ಲು ಅನೇಕ ಅಳತೆಗಳಿಗೆ ಹೊಂದಿಸಬಹುದಾದ ಜಾತಿಯದಾಗಿದ್ದುದು ನಮ್ಮ ಪುಣ್ಯ. ಪ್ರತಿ ಗಾಲಿಯ ಮೇಲೂ ತಿರುಪುಗಳಿಂದ ಬಿಗಿದ ಒಂದು ಚಿಕ್ಕ ಲೋಹದ ತುಂಡು ಇರುತ್ತದೆ. ಅದನ್ನು ಸಡಿಲಿಸಿ 24ರ ಗುರುತಿಗೆ ಸರಿಸಿದರು. ಗೋಡೆಯನ್ನು ನಿಲ್ಲಿಸುವ ಗೂಟಗಳನ್ನೂ ಎರಡು ಗಾಲಿಗಳಲ್ಲಿ ಒಂದೇ ಸಮನಾಗಿ ಸರಿಸಿದರು. ಪಟ್ಟಿಗಳನ್ನು ಹಿಡಿಗೆ ಬಿಗಿದಿದ್ದ ದಪ್ಪ ಬೋಲ್ಟುಗಳನ್ನು ಮೇಲೆ ಎಷ್ಟು ಸುತ್ತೋ ಕೆಳಗೂ ಅಷ್ಟೇ ಸುತ್ತು ಬಿಚ್ಚಿ, 45 ಪೌಂಡಿದ್ದ ಭಾರವನ್ನು 36ಕ್ಕೆ ಇಳಿಸಿದರು. ಅರ್ಧ ಗಂಟೆಯ ಕೆಲಸ. ಕೆಲವು ಬಿಲ್ಲುಗಳನ್ನು ವಿಶೇಷ ಯಂತ್ರದಲ್ಲಿಟ್ಟು ಒತ್ತದೆ ಹೀಗೆ ಬಿಚ್ಚುವುದು ಅಪಾಯವಾದುದರಿಂದ, ಬಲ್ಲವರಿಲ್ಲದೆ ಯಾರೂ ಇದಕ್ಕೆ ಕೈ ಹಾಕಬಾರದೆಂದೂ ಎಚ್ಚರಿಸಿದರು.

ಹುಡುಗಿ ಬಿಲ್ಲನ್ನು ತೆಗೆದುಕೊಂಡಳು. ಈ ಸಲ ಆಕಾಶಕ್ಕೆ ಎತ್ತಲಿಲ್ಲ. ಹೆದೆ ಹಿಂದಕ್ಕೆ ಬಂದು ದವಡೆಯ ಮೂಳೆಯ ಕೆಳಗೆ ನಿಂತಿತು. ಹೆಗಲು ತಾನಾಗಿಯೇ ಇಳಿದಿತ್ತು. ಬೆನ್ನು ನೆಟ್ಟಗಿತ್ತು. ನಾವು ಎರಡು ತಿಂಗಳು ಕೂಗಿ ಹೇಳಿದ ಪ್ರತಿಯೊಂದು ತಿದ್ದುಪಡಿಯೂ, ಯಾರೂ ಹೇಳದೆ, ಅವಳ ಮೈಯಲ್ಲಿ ಬಂದು ಕುಳಿತಿತ್ತು. ಮೊದಲ ಬಾಣ ಗುರಿಯ ನಡುವಿಗೇನೂ ಬೀಳಲಿಲ್ಲ. ಆದರೆ ಕಂತೆಗೆ ನಾಟಿತು. ಅವಳು ಮುಂಗೈಯನ್ನು ಮುಟ್ಟಿ ನೋಡಿಕೊಂಡು, "ಹೊಡೀಲಿಲ್ಲ ಟೀಚರ್" ಎಂದಳು. ಅವಳು ಹೇಳಿದ್ದು ಹೆದೆಯ ವಿಷಯ.

ಆ ತರಬೇತುಗಾರ್ತಿ ತಮ್ಮದೇ ಬಿಲ್ಲನ್ನೂ ತಂದಿದ್ದರಾಗಿ ಗಾಲಿಗಳ ಭೇದವನ್ನೂ ನಮಗೆ ತೋರಿಸಿದರು. ಹಳೆಯ ಕಾಲದ ದುಂಡು ಗಾಲಿಯಲ್ಲಿ ಭಾರವು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ಕಣಿವೆ ಅಗಲ, ಸ್ವಲ್ಪ ಸಡಿಲಿಸಿದರೂ ಬಿಲ್ಲು ಕ್ಷಮಿಸುತ್ತದೆ. ಆದರೆ ಅದರಲ್ಲಿ ಕೂಡಿಡುವ ಶಕ್ತಿ ಕಡಿಮೆಯಾದುದರಿಂದ ಬಾಣದ ವೇಗವೂ ಕಡಿಮೆ. ವೇಗಕ್ಕಾಗಿ ರೂಪಿಸಿದ ಕಡಿದಾದ ಗಾಲಿಯಲ್ಲಿ ಭಾರವು ಒಮ್ಮೆಲೇ ಏರಿ, ಸೆಳೆತದ ಬಹುಭಾಗ ಎತ್ತರದಲ್ಲಿಯೇ ನಿಂತು, ಕಡೆಯಲ್ಲಿ ತಟ್ಟನೆ ಬೀಳುತ್ತದೆ, ಕಣಿವೆ ಇಕ್ಕಟ್ಟು. ಎರಡನ್ನೂ ಸೆಳೆದು ನೋಡಿದ ಹತ್ತನೆಯ ತರಗತಿಯ ಎತ್ತರದ ಹುಡುಗಿಯೊಬ್ಬಳು, "ಒಂದು ಕೆಮ್ಮಣ್ಣುಗುಂಡಿಗೆ ಸುತ್ತಿಕೊಂಡು ಹತ್ತಿ ಇಳಿದ ಹಾಗೆ; ಇನ್ನೊಂದು ಕೊಟ್ಟಿಗೆಹಾರದವರೆಗೆ ಮೇಲೇ ಹೋಗಿ ಚಾರ್ಮಾಡಿ ಘಾಟಿಗೆ ಬಿದ್ದ ಹಾಗೆ" ಎಂದಳು. ಇದಕ್ಕಿಂತ ಚೆನ್ನಾಗಿ ನಾವು ವಿವರಿಸಲಾರೆವು. ಘಾಟಿಯ ಬಿಲ್ಲನ್ನೇ ಅವಳು ಮೆಚ್ಚಿದಳೆಂಬುದೂ ಗಮನಿಸತಕ್ಕ ಮಾತು. ಕಳಸದ ಹುಡುಗಿಗೆ ಮೃದುವಾದುದೇ ಹಿಡಿಸಿತು.

ಗೋಡೆಗಳಲ್ಲಿಯೂ ಭೇದವುಂಟು. ಗಾಲಿಯ ಗೂಟವು ಹುರಿಗೆ ತಾಗಿ ನಿಲ್ಲುವಂತಿದ್ದರೆ ಗೋಡೆ ತುಸು ಮೆತ್ತಗೆ. ಬಾಗುವ ಪಟ್ಟಿಗೇ ತಾಗಿ ನಿಲ್ಲುವಂತಿದ್ದರೆ ಕಲ್ಲಿನಷ್ಟು ಗಟ್ಟಿ. ಗಟ್ಟಿ ಗೋಡೆಯಿದ್ದರೆ ಬೆರಳಿನಿಂದ ಎಳೆಯುವ ಆತುರ ಬಿಟ್ಟು ಬೆನ್ನಿನ ಸ್ನಾಯುಗಳಿಂದ ಸಮನಾಗಿ ಸೆಳೆದು ನಿಲ್ಲುವುದನ್ನು ಕಲಿಯುವುದು ಅನೇಕರಿಗೆ ಸುಲಭ. ಮೆತ್ತಗಿನ ಗೋಡೆಯಲ್ಲಿ ಮೈ ಬಿಗಿಯದೆ ನಿಲ್ಲುವವರೂ ಉಂಟು. ಎರಡು ಗಾಲಿಗಳೂ ಒಂದೇ ಕ್ಷಣದಲ್ಲಿ ತಿರುಗದಿದ್ದರೆ ಯಾವ ನಿಲುವೂ ಉಪಯೋಗಕ್ಕೆ ಬಾರದು. ಈ ತೊಂದರೆಯನ್ನು ನೀಗಲು 1990ರ ದಶಕದಲ್ಲಿ ಕೆಳಗೊಂದೇ ಕ್ಯಾಮ್, ಮೇಲೆ ಬರಿಯ ದುಂಡು ಗಾಲಿಯಿರುವ ಬಿಲ್ಲುಗಳು ಹೆಚ್ಚಾಗಿ ಬಂದವು. 2005ರ ಸುಮಾರಿಗೆ, ಒಂದು ಗಾಲಿಯು ಇನ್ನೊಂದನ್ನು ಬಿಟ್ಟು ತಿರುಗಲಾಗದಂತೆ ಪರಸ್ಪರ ಕಟ್ಟಿದ ಜೋಡಿಗಳು ಬಂದವು. ಎಲ್ಲಕ್ಕೂ ಮೊದಲ ಪ್ರಶ್ನೆ ಒಂದೇ: ಇದು ಯಾರ ಅಳತೆಗೆ ಇದೆ?

ಹೆಣ್ಣುಮಕ್ಕಳಿಗೆ ಈ ವಿದ್ಯೆ ಏಕೆಂದು ಕೇಳಿದ ತಂದೆಯವರು ಇನ್ನೊಂದು ಸಂಗತಿಯನ್ನೂ ಲಾಲಿಸಬೇಕು. 2023ರಲ್ಲಿ ಬರ್ಲಿನ್ ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಈ ಕಾಂಪೌಂಡ್ ಬಿಲ್ಲಿನಲ್ಲಿಯೇ ಜ್ಯೋತಿ ಸುರೇಖಾ, ಅದಿತಿ ಸ್ವಾಮಿ, ಪರ್ಣೀತ್ ಕೌರ್ ಎಂಬ ನಮ್ಮ ದೇಶದ ಮೂವರು ಕನ್ಯೆಯರು ತಂಡದ ಚಿನ್ನವನ್ನು ಗೆದ್ದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನವದು. ಅದಿತಿಯು 17ನೆಯ ವಯಸ್ಸಿನಲ್ಲಿ ಅಲ್ಲಿಯೇ ವೈಯಕ್ತಿಕ ಚಿನ್ನವನ್ನೂ ಪಡೆದಳು. ಅವಳು ಮಹಾರಾಷ್ಟ್ರದ ಸಾತಾರೆಯ ಒಬ್ಬ ಶಾಲಾ ಉಪಾಧ್ಯಾಯರ ಮಗಳು. ಇವರು ಬಾಣ ಬಿಡುವುದು 50 ಮೀಟರ್ ದೂರಕ್ಕೆ. ಹತ್ತು ಅಂಕದ ವೃತ್ತದ ಅಗಲ 8 ಸೆಂಟಿಮೀಟರ್, ಒಂದು ಲೋಟದ ಬಾಯಿಯಷ್ಟು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೂ ಈ ಬಿಲ್ಲಿನ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಿದ್ದಾರೆ.

ಆದರೆ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದವಳು ಜಮ್ಮುವಿನ ಕಡೆಯ ಕಿಶ್ತ್‌ವಾಡ ಜಿಲ್ಲೆಯ ಗುಡ್ಡಗಾಡಿನ ಶೀತಲ್ ದೇವಿ. ಹುಟ್ಟಿನಿಂದ ಅವಳಿಗೆ ಎರಡು ತೋಳುಗಳೂ ಇಲ್ಲ. ಬಲಗಾಲಿನಿಂದ ಕಾಂಪೌಂಡ್ ಬಿಲ್ಲನ್ನು ಹಿಡಿದು, ಹೆಗಲಿನಿಂದ ಹೆದೆಯನ್ನು ಸೆಳೆದು, ಬಾಯಿಯ ಸಹಾಯದಿಂದ ಬಾಣ ಬಿಡುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರರೊಡನೆ ಮಿಶ್ರ ತಂಡದ ಕಂಚಿನ ಪದಕವನ್ನು ಗೆದ್ದಳು. ಅವಳಿಗೆ ಕಲಿಸಿದವರು ಅವಳ ಮೈಯನ್ನು ಬಿಲ್ಲಿಗೆ ತಕ್ಕಂತೆ ಬಾಗಿಸಲು ಹೋಗಿದ್ದರೆ ಏನಾಗುತ್ತಿತ್ತು? ಅವಳಲ್ಲಿದ್ದುದನ್ನು ನೋಡಿ ಅವರು ಸಲಕರಣೆಯನ್ನು ಹೊಂದಿಸಿದರು. ತೋಳಿಲ್ಲದ ಹುಡುಗಿಗೆ ಅವರು ಬಿಲ್ಲನ್ನು ಹೊಂದಿಸಿದರು. ಎರಡು ಗಟ್ಟಿ ತೋಳುಗಳಿದ್ದ ಹುಡುಗಿಯನ್ನು ನಾವು ಮೂರು ಅಂಗುಲಕ್ಕಾಗಿ ಕಳೆದುಕೊಳ್ಳುವುದರಲ್ಲಿದ್ದೆವು. ದ್ರೋಣರು ಶಿಷ್ಯನ ಹೆಬ್ಬೆರಳನ್ನು ಕೇಳಿ ತೆಗೆದುಕೊಂಡರೆಂದು ಓದಿ ಬಾಲ್ಯದಲ್ಲಿ ಅವರ ಮೇಲೆ ಸಿಟ್ಟಾಗಿದ್ದೆವು. ಕೇಳದೆಯೇ, ತಿಳಿಯದೆಯೇ ತೆಗೆದುಕೊಳ್ಳುವ ಗುರುಗಳೂ ಇರುವರೆಂಬುದು ಆಗ ಗೊತ್ತಿರಲಿಲ್ಲ.

ಮುಂದಿನ ಸೋಮವಾರದ ಪ್ರಾರ್ಥನಾ ಸಭೆಯಲ್ಲಿ ನಾವು ಹುಡುಗಿಯರಿಗೆ ಒಂದು ಮಾತು ಹೇಳಿದೆವು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪಾಪಕ್ಕೆ ಬಳಸಿರುವ ಪದದ ಮೊದಲ ಅರ್ಥ ಗುರಿ ತಪ್ಪುವುದೆಂದು. ಇದನ್ನು ಹಿಂದೆಯೂ ಎಷ್ಟೋ ಸಲ ಹೇಳಿದ್ದೆವು. ಪ್ರತಿ ಸಲವೂ ಹುಡುಗಿಯರ ಕಡೆಗೆ ನೋಡಿಯೇ ಹೇಳಿದ್ದೆವು. ಈ ಸಲ, ಗುರಿ ತಪ್ಪಿದವರು ನಾವೆಂದು ಹೇಳಿ, ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಂಡೆವು. ಪ್ರಗತಿ ಪತ್ರದಲ್ಲಿ ಬರೆದದ್ದರ ಮೇಲೆ ಗೀಟು ಹಾಕಿ, "ಬಿಲ್ಲಿನ ಅಳತೆ ತಪ್ಪಾಗಿತ್ತು, ವಿದ್ಯಾರ್ಥಿನಿಯದಲ್ಲ" ಎಂದು ಬರೆದು ಮತ್ತೆ ರುಜು ಹಾಕಿದೆವು. ಅದನ್ನು ಲೈನಿಗೆ ನಾವೇ ತೆಗೆದುಕೊಂಡು ಹೋಗಿ ತಾಯಿಗೆ ಓದಿ ಹೇಳಿದೆವು. ಅವರು ಪತ್ರವನ್ನು ಇಸಕೊಂಡು ಮಡಚಿ ಸೆರಗಿಗೆ ಕಟ್ಟಿಕೊಂಡು, "ಕಾಪಿ ಕುಡ್ಕೊಂಡು ಹೋಗಿ ಟೀಚರಮ್ಮಾ" ಎಂದರಲ್ಲದೆ ಬೇರೇನೂ ಹೇಳಲಿಲ್ಲ. ಹುಡುಗಿ ಶಾಲೆಯಲ್ಲಿಯೇ ಉಳಿದಳು. ಹತ್ತನೆಯ ತರಗತಿಯನ್ನು ಮುಗಿಸಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಬಿಲ್ಲಿನಲ್ಲಿ ಅವಳು ಪದಕಗಳನ್ನು ಗೆದ್ದಳೆಂದು ಹೇಳುವ ಹಾಗಿಲ್ಲ. ಗೆಲ್ಲಲೇಬೇಕೆಂಬುದೂ ನಮ್ಮ ಆಶೆಯಲ್ಲ.

ಅಂದಿನಿಂದ ನಾವು ಒಂದು ನಿಯಮವನ್ನಿಟ್ಟುಕೊಂಡಿದ್ದೇವೆ. ಲೆಕ್ಕದಲ್ಲಿಯೋ ಇಂಗ್ಲಿಷಿನಲ್ಲಿಯೋ ಒಬ್ಬಳು ಹಿಂದೆ ಬಿದ್ದಾಗ, ಏಕಾಗ್ರತೆ ಸಾಲದೆಂದು ಬರೆಯುವ ಮೊದಲು, ನಾವು ಅವಳಿಗೆ ಕೊಟ್ಟಿರುವ ಬೆಂಚು, ಪುಸ್ತಕ, ಪಾಠದ ವೇಗ, ಬೋರ್ಡಿಂಗಿನ ದೀಪ ಇವು ಯಾರ ಅಳತೆಗೆ ಇವೆಯೆಂದು ನೋಡುತ್ತೇವೆ. ಎಲ್ಲ ಸಲವೂ ತಪ್ಪು ಸಲಕರಣೆಯದೇ ಆಗಿರುವುದಿಲ್ಲ. ಸೋಮಾರಿತನವೂ ಲೋಕದಲ್ಲಿ ಉಂಟು. ಆದರೂ ಮೊದಲು ಟೇಪನ್ನು ಹಿಡಿದು, ಆಮೇಲೆ ಬೆತ್ತದ ಮಾತನ್ನಾಡುವುದು ನ್ಯಾಯ. ತಾಯಿತಂದೆಗಳಾದ ತಾವೂ ಇದನ್ನು ಮನೆಯಲ್ಲಿ ಪರೀಕ್ಷಿಸಿ ನೋಡಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.

ಕಡೆಯದಾಗಿ ಒಂದು ಬೇಡಿಕೆ. ಶನಿವಾರದ ತರಗತಿಗೆ ಈಗ ಹದಿನಾಲ್ಕು ಮಂದಿ ಬರುತ್ತಾರೆ, ಬಿಲ್ಲು ಒಂದೇ. ಪ್ರತಿ ಸಲವೂ ತಿರುಪು ಸಡಿಲಿಸಿ ಅಳತೆ ಬದಲಾಯಿಸುವುದರಲ್ಲಿ ಹೊತ್ತು ಹೋಗುತ್ತದೆ. ಯಾರ ಮನೆಯಲ್ಲಾದರೂ ಮೃದುವಾದ ಗಾಲಿಯ, ಚಿಕ್ಕ ಅಳತೆಗೆ ಹೊಂದುವ ಇನ್ನೊಂದು ಬಿಲ್ಲಿದ್ದರೆ ಶಾಲೆಗೆ ದಯಪಾಲಿಸಬೇಕು. ಬಾಣವಿಲ್ಲದೆ ಬರಿಯ ಹೆದೆಯನ್ನು ಸೆಳೆದು ಬಿಟ್ಟು ನೋಡಬೇಡಿರಿ, ಬಿಲ್ಲು ಸಿಡಿದುಹೋದೀತು. ಅಂದು ಸಭೆಯಲ್ಲಿ ಪ್ರಶ್ನೆ ಕೇಳಿದ ತಂದೆಯವರ ಮಗಳು ಈ ವರ್ಷ ಹೆಸರು ಕೊಟ್ಟಿದ್ದಾಳೆ. ಅವಳ ಅಳತೆ 25 ಅಂಗುಲ. ತಂದೆಯವರು ಒಂದು ಶನಿವಾರ ಬೆಳಗ್ಗೆ ಬಂದು ನೋಡಿದರೆ ನಮಗೆ ಬಹಳ ಸಂತೋಷವಾಗುವುದು.